ಕೆಂಪು ಬೊಟ್ಟಿಲ್ಲದ ನಟ್ಟು

ರಘುನಂದನ ವ್ಯಾನಿನಿಂದ ಇಳಿದವನು ಮೊದಲು ಎತ್ತಿದ್ದೇ ಆ ಹೆಸರನ್ನು.

"ಹರಿಪ್ರಿಯಾ ಏಳವ್ರೆ ಕಣಮ್ಮಿ, ಈ ಡೈನಮೋ ಸಾಕಾಗಲ್ವಂತೆ. ದೊಡ್ಡದು ಆಕ್ಬೇಕಂತೆ."

ಚಂದನ ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತ ನಿಂತಳು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಮಳವಳ್ಳಿಯ ಕೊಳ್ಳೇಗಾಲ ರಸ್ತೆಯಲ್ಲಿರುವ ಆ ಆಟೋ ಎಲೆಕ್ಟ್ರಿಕಲ್ ಅಂಗಡಿ ಅವಳಪ್ಪ ಪುಟ್ಟರಾಜು ಇಟ್ಟಿದ್ದು. ಕಣ್ಣು ಮಂಜಾದ ಮೇಲೆ ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುವುದಷ್ಟೇ ಮಾಡುತ್ತಿದ್ದ. ಬಾನೆಟ್ಟಿನೊಳಗಿನ ಕೆಲಸವೆಲ್ಲ ಮಗಳದು. ರಘುನಂದನ ಅವಳ ಜೊತೆ ಹೈಸ್ಕೂಲು ಓದಿದವನು. ಊರಲ್ಲಿ ಫೋಟೋ ಸ್ಟುಡಿಯೋ ಇತ್ತು, ಈಚೆಗೆ ಮದುವೆಗಳನ್ನು ಲೈವ್ ಆಗಿ ಯೂಟ್ಯೂಬಿಗೆ ಬಿಡುವ ಕೆಲಸ ಹಿಡಿದಿದ್ದ. ಅವನ ವ್ಯಾನು ಅಂಗಡಿಗೆ ಬಂದ ದಿನ ಚಂದನಳಿಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಯುಗಾದಿ ಕಳೆದ ಮೇಲೆ ಈ ಹರಿಪ್ರಿಯಾ ಮಂಡ್ಯದಿಂದ ಬಂದು ಅವನ ಕೆಲಸಕ್ಕೆ ಪಾಲುದಾರಳಾಗಿದ್ದಳು. ಮೇಷ್ಟರ ಮಗಳು. ವ್ಯಾನಿನ ಹಿಂದೆ ಕಂಪ್ಯೂಟರಿನ ಮುಂದೆ ಕೂತು, ಯಾವ ಕ್ಯಾಮೆರಾದ ಚಿತ್ರ ಯಾವಾಗ ಹೋಗಬೇಕೆಂದು ನೋಡಿಕೊಳ್ಳುವವಳು. ಅಂದಿನಿಂದ ರಘುನಂದನನ ಬಾಯಲ್ಲಿ ಬೇರೆ ಮಾತೇ ಇಲ್ಲ. ಅಳ್ಳಿ, ಅಬ್ಬ, ಓಯ್ತೀನಿ ಎಂದು ಹಕಾರವನ್ನೆಲ್ಲ ನುಂಗಿ ನೀರು ಕುಡಿಯುವ ಬಾಯಿ ಅದು. ಹರಿಪ್ರಿಯಾ ಅನ್ನುವಾಗ ಮಾತ್ರ ಹ ಸ್ಪಷ್ಟವಾಗಿ, ಶುದ್ಧವಾಗಿ ಬರುತ್ತಿತ್ತು. ಚಂದನ ಅದನ್ನು ಮೊದಲ ದಿನವೇ ಗಮನಿಸಿದ್ದಳು.

"ಒಳಗೆ ಏನೇನು ಓಡ್ಬೇಕು, ಒಂದೊಂದಾಗಿ ಏಳು. ಲೋಡು ಗೊತ್ತಿಲ್ದೆ ಡೈನಮೋ ಎಂಗೆ ಆರ್ಸನ?"

"ಕಂಪ್ಯೂಟ್ರು."

"ಅದು ಇದ್ದೇ ಅದಲ್ಲ."

"ಇದು ಬೇರೆದು. ಹರಿಪ್ರಿಯಾದು."

"ಊಂ. ಆಮೇಲೆ?"

"ಎರಡು ಸ್ಕ್ರೀನು. ಒಂದ್ರಲ್ಲಿ ನೋಡ್ಕಂಡು ಇನ್ನೊಂದ್ರಲ್ಲಿ ಮಾಡ್ತಾರೆ ಅವ್ರು. ಇಂಟರ್ನೆಟ್ಟಿನ ಪೆಟ್ಟಿಗೆ. ಆಮೇಲೆ ಒಂದು ಫ್ಯಾನು."

ಚಂದನಳ ಕೈ ನಿಂತಿತು. "ಫ್ಯಾನು ಯಾರಿಗೆ?"

"ಇಂದ್ಗಡೆ ಸೆಕೆ ಕಣಮ್ಮಿ. ಕುಂತಿರೋರಿಗೆ ಆಗಲ್ಲ."

"ಇಷ್ಟು ದಿನ ನೀನು ಕುಂತಿದ್ದಾಗ ಸೆಕೆ ಇರ್ನಿಲ್ವಾ?"

"ನಂದೇನು ಬುಡು."

ನಂದೇನು ಬುಡು. ಬಿಸಿಲಲ್ಲಿ ಬೆಂದು ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಬರುತ್ತಿದ್ದವನು, ಅವಳು ಕೊಟ್ಟ ನೀರನ್ನು ಗಟಗಟ ಕುಡಿದು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದವನು. ಅವನಿಗೆ ಯಾವತ್ತೂ ಬೇಡವಾಗಿದ್ದ ಫ್ಯಾನು ಈಗ ಬೇಕಾಗಿತ್ತು.

"ಅಂಗೇ ಒಂದು ಏಸಿನೂ ಆಕ್ಸ್‌ಬುಡು," ಅಂದಳು ಚಂದನ.

ಅವನು ಕಣ್ಣರಳಿಸಿದ. "ತಡೀತದಾ?"

ಸ್ಪ್ಯಾನರು ಕೈಯಲ್ಲೇ ಇತ್ತು. ಎಸೆಯಲಿಲ್ಲ, ಅಷ್ಟೇ.

ಕೆಲಸ ಆಗಲ್ಲ ಅಂದುಬಿಡಬಹುದಿತ್ತು. ಆದರೆ ಆಗಲ್ಲ ಅಂದರೆ ಅವನು ಮಂಡ್ಯಕ್ಕೆ ಹೋಗಿ ಮಾಡಿಸುತ್ತಾನೆ, ಮಂಡ್ಯ ಹರಿಪ್ರಿಯಾಳ ಊರು. ಜೊತೆಗೆ ಅವಳೂ ಹೋಗುತ್ತಾಳೆ. ಕೆಲಸ ಮುಗಿಯುವವರೆಗೆ ಇಬ್ಬರೂ ಎಲ್ಲೋ ಕೂತು ಕಾಫಿ ಕುಡಿಯುತ್ತಾರೆ. ಅಲ್ಲಿಗೆ ಯೋಚನೆ ಬಂದದ್ದೇ ಚಂದನ ಒಪ್ಪಿಕೊಂಡಳು.

ಒಪ್ಪಿಕೊಂಡ ಮೇಲೆ ಮನಸ್ಸಿಟ್ಟೇ ಮಾಡಿದಳು. ಛತ್ರದ ಮುಂದೆ ನಿಂತ ಗಾಡಿಯ ಇಂಜಿನ್ನು ಸುಮ್ಮನೆ ಗುರುಗುಡುತ್ತಿರುವಾಗ ಹಳೆ ಡೈನಮೋ ಹುಟ್ಟಿಸುವ ಕರೆಂಟು ಗಾಡಿಯ ದೀಪಕ್ಕಷ್ಟೇ ಸಾಕು. ಇಷ್ಟು ಸಾಮಾನು ಹಾಕಿದರೆ ಬ್ಯಾಟರಿ ಬರಿದಾಗಿ ಎಲ್ಲ ಆರಿಹೋಗುತ್ತದೆ. ಅದಕ್ಕೆ ಆಂಬುಲೆನ್ಸುಗಳಿಗೆ ಹಾಕುವ ದೊಡ್ಡ ಡೈನಮೋ ತರಿಸಿದಳು. ಅದು ಕೂರುವಂತೆ ಲೇತಿನವರ ಹತ್ತಿರ ನಿಂತು ಬ್ರಾಕೆಟ್ ಮಾಡಿಸಿದಳು. ಅದರಿಂದ ಬ್ಯಾಟರಿಗೆ ಹೆಬ್ಬೆರಳು ಗಾತ್ರದ ಕೇಬಲ್ ಎಳೆದಳು.

ಚಂದನಳದೊಂದು ಪದ್ಧತಿಯಿತ್ತು. ಯಾವ ನಟ್ಟನ್ನಾದರೂ ಮೊದಲು ಬೆರಳಲ್ಲಿ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಬಿಗಿ ಮಾಡಿ, ಕೊನೆಗೆ ಅದರ ಮೇಲೆ ಕೆಂಪು ನೇಲ್ ಪಾಲಿಶಿನ ಒಂದು ಬೊಟ್ಟು ಇಡುತ್ತಿದ್ದಳು. ಬೊಟ್ಟಿದ್ದರೆ ಬಿಗಿಯಾಗಿದೆ ಎಂದು ಅರ್ಥ. ಆ ಪಾಲಿಶು ಅವಳ ಉಗುರನ್ನು ಯಾವತ್ತೂ ಕಂಡಿರಲಿಲ್ಲ. ಉಗುರಿನ ತುಂಬ ಗ್ರೀಸು.

ರಘುನಂದನ ಒಪ್ಪಿಕೊಂಡಿದ್ದ ಮದ್ದೂರಿನ ಒಂದು ಮದುವೆಯ ಹಿಂದಿನ ದಿನ ಸಾಯಂಕಾಲ ಹರಿಪ್ರಿಯಾ ವ್ಯಾನು ನೋಡಲು ಅಂಗಡಿಗೇ ಬಂದಳು. ಇಸ್ತ್ರಿ ಮಾಡಿದ ಕಾಟನ್ ಚೂಡಿದಾರು, ಒಂದು ಎಳೆ ಮಲ್ಲಿಗೆ. ಚಂದನ ದೊಡ್ಡ ಕೇಬಲ್ಲಿನ ತುದಿಯನ್ನು ಡೈನಮೋಕ್ಕೆ ಸೇರಿಸಿ ನಟ್ಟನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು.

"ಓ, ಇದೇನಾ ಆ ಪಾಲಿಶು?" ಹರಿಪ್ರಿಯಾ ಬಾಟಲಿಯನ್ನು ಎತ್ತಿಕೊಂಡಳು. ಕಿರುಬೆರಳಿಗೆ ಒಂದು ಗೆರೆ ಎಳೆದು ಕೈ ಮುಂದೆ ಚಾಚಿದಳು. "ರಘು, ನೋಡಿ. ಚೆನ್ನಾಗಿದೆ ಅಲ್ವಾ?"

ರಘುನಂದನ ನೋಡಿದ. ಆ ಬೆರಳನ್ನು ನೋಡಿ ಅವನ ಮುಖ ಕೆಂಪಾಯಿತು. ತುಟಿ ಕಚ್ಚಿಕೊಂಡ, ಕಣ್ಣು ಎಲ್ಲೋ ತಿರುಗಿಸಿದ, ಮತ್ತೆ ನೋಡಿದ. ಈ ಜನ್ಮದಲ್ಲಿ ಅವನು ಹಾಗೆ ನಾಚಿಕೊಂಡಿದ್ದನ್ನು ಚಂದನ ಕಂಡಿರಲಿಲ್ಲ. ಅವಳು ತನ್ನ ಕಪ್ಪು ಉಗುರುಗಳನ್ನು ಅಂಗೈಯೊಳಗೆ ಮಡಚಿಕೊಂಡಳು.

"ಬೇಕಾದ್ರೆ ನೀವೇ ಇಟ್ಕಳಿ," ಅಂದಳು.

"ನಿಜವಾಗ್ಲೂ?"

"ನಮಗೆ ಅದ್ರಿಂದ ಏನಾಗ್ಬೇಕು."

ಬಾನೆಟ್ಟನ್ನು ಧಡಾರನೆ ಹಾಕಿದಳು. "ಆಯ್ತು ಕಣಪ್ಪ, ತಗಂಡೋಗು."

"ಏನಮ್ಮಿ, ಮಕ ಇಂಗ್ಯಾಕೆ?" ಅಂದ ರಘುನಂದನ.

"ನನ್ನ ಮಕ ಇರೋದೇ ಇಂಗೆ."

ಅವರು ಹೋದ ಮೇಲೆ ಅವನೊಂದು ವಿಡಿಯೋ ಕಳಿಸಿದ. ವ್ಯಾನಿನೊಳಗೆ ಹೊಸ ಫ್ಯಾನು ಗಿರಗಿರ ತಿರುಗುತ್ತಿತ್ತು, ಅದರ ಗಾಳಿಗೆ ಒಂದು ಎಳೆ ಮಲ್ಲಿಗೆ ಅಲ್ಲಾಡುತ್ತಿತ್ತು. ಚಂದನ ಫೋನನ್ನು ಆಫ್ ಮಾಡಿ ಸಾಮಾನಿನ ಡ್ರಾಯರಿಗೆ ಎಸೆದು ಮನೆಗೆ ನಡೆದಳು. ಅಪ್ಪ ಹಿಂದಿನಿಂದ ಕರೆದ, ಅವಳು ತಿರುಗಲಿಲ್ಲ.

ಬೆಳಿಗ್ಗೆ ಜವರಯ್ಯನ ಆಟೋ ಬಂದಿತ್ತು. ಸಣ್ಣ ಕೆಲಸ. ನಟ್ಟು ಕೂರಿಸಿದಳು, ಬಿಗಿ ಮಾಡಿದಳು, ಪಾಲಿಶಿಗೆಂದು ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಬಾಟಲಿ ಇರಲಿಲ್ಲ.

ಅವಳು ತಟ್ಟನೆ ಎದ್ದು ನಿಂತಳು.

ನೆನ್ನೆ ಆ ದೊಡ್ಡ ನಟ್ಟಿಗೆ ಬೊಟ್ಟು ಇಟ್ಟಿರಲಿಲ್ಲ. ಬೊಟ್ಟು ಹಾಳಾಗಲಿ, ಸ್ಪ್ಯಾನರು ಹಿಡಿದದ್ದೇ ನೆನಪಾಗುತ್ತಿಲ್ಲ. ಬೆರಳಲ್ಲಿ ತಿರುಗಿಸಿದ್ದು ಬೆರಳಿಗೆ ನೆನಪಿದೆ, ಬಿಗಿ ಮಾಡಿದ ನೆನಪು ಮಣಿಕಟ್ಟಿಗೆ ಇಲ್ಲ. ಸುಮ್ಮನೆ ಗಾಡಿ ಓಡಿಸಿಕೊಂಡು ಹೋದರೆ ಏನೂ ಗೊತ್ತಾಗುವುದಿಲ್ಲ. ಅಷ್ಟೂ ಸಾಮಾನು ಒಟ್ಟಿಗೆ ಹಾಕಿದ ಮೇಲೆ ಅಲ್ಲಿ ಕಿಡಿ ಹಾರುತ್ತದೆ, ಕೇಬಲ್ಲು ಕಾಯುತ್ತದೆ, ಹತ್ತಿಕೊಳ್ಳುತ್ತದೆ. ಅವನು ಆ ವ್ಯಾನಿನಲ್ಲೇ ಇರುತ್ತಾನೆ.

ಡ್ರಾಯರಿನಿಂದ ಫೋನು ತೆಗೆದು ಆನ್ ಮಾಡಿದರೆ ಅವನ ಮಿಸ್ಡ್ ಕಾಲುಗಳು ಸಾಲಾಗಿ ಬಂದವು. ತಿರುಗಿ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ಅಪ್ಪ, ಟಿವಿಎಸ್ ಕೀ ಕೊಡು."

"ಎಲ್ಲಿಗವ್ವ?"

"ಮದ್ದೂರ್ಗೆ. ನಾನೊಂದು ನಟ್ಟು ಬಿಗಿ ಮಾಡ್ನಿಲ್ಲ ಕಣಪ್ಪ."

ಪುಟ್ಟರಾಜು ಮಗಳ ದನಿಯನ್ನು ಕೇಳಿಸಿಕೊಂಡ. ಜೇಬಿನಿಂದ ಕೀ ತೆಗೆದುಕೊಟ್ಟ. "ನಿಧಾನುಕ್ಕೆ ಓಗು ಕೂಸೆ. ಆ ಉಡುಗ ಬುದ್ಧಿವಂತ."

ದಾರಿಯುದ್ದಕ್ಕೂ ಕಬ್ಬಿನ ಲಾರಿಗಳು ತೆವಳುತ್ತಿದ್ದವು. ಒಂದನ್ನು ದಾಟಿದರೆ ಇನ್ನೊಂದು. ಚಂದನಳಿಗೆ ಯಾವ ದೇವರ ಹೆಸರೂ ಪೂರ್ತಿ ಬಾಯಿಗೆ ಬರಲಿಲ್ಲ. ಮುತ್ತತ್ತಿ ಆಂಜನೇಯನಿಗೆ ಒಂದು ಮಾತು ಕೊಟ್ಟಳು. ಅವನು ಹರಿಪ್ರಿಯಾಳನ್ನೇ ಮದುವೆಯಾಗಲಿ, ನಾನು ಕೆಮ್ಮುವುದೂ ಇಲ್ಲ, ಅವನ ಮೈಮೇಲೆ ಒಂದು ಬೊಬ್ಬೆ ಕೂಡ ಏಳದಿರಲಿ. ಆ ಮಾತು ಕೊಡುವಾಗಲೂ ಅವಳಿಗೆ ಹೊಟ್ಟೆ ಉರಿಯಿತು. ಕಣ್ಣೀರು ಗಾಳಿಗೆ ಕಿವಿಯ ಕಡೆ ಹರಿಯಿತು.

ಛತ್ರದ ಮುಂದೆ ವ್ಯಾನು ನಿಂತಿತ್ತು. ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ, ಇಂಜಿನ್ನಿನ ಸದ್ದೂ ಇಲ್ಲ. ಬಾನೆಟ್ಟು ಎತ್ತಿತ್ತು. ಅದರ ಪಕ್ಕದಲ್ಲಿ ರಘುನಂದನ ಕೈಕಟ್ಟಿಕೊಂಡು ರಸ್ತೆಯನ್ನೇ ನೋಡುತ್ತ ನಿಂತಿದ್ದ.

ಹಿಂದಿನ ಬಾಗಿಲಿನಿಂದ ಹರಿಪ್ರಿಯಾ ತಲೆ ಹೊರಗೆ ಹಾಕಿದಳು. "ಅಬ್ಬ, ಬಂದ್ರಾ ಚಂದನಾ. ಬೆಳಿಗ್ಗೆ ಇಲ್ಲಿಗೆ ಬಂದಾಗಿಂದ ಇಂಜಿನ್ ಸ್ಟಾರ್ಟ್ ಮಾಡೋಕೇ ಬಿಡ್ತಿಲ್ಲ ಇವರು. ಬರೀ ಬ್ಯಾಟರಿ ಮೇಲೆ ಓಡಿಸ್ತಿದ್ದೀನಿ, ಅದೂ ಮುಗೀತಾ ಬಂತು. ಮದುವೆ ಹುಡುಗಿಯ ಅಜ್ಜಿ ಸೊಂಟ ಮುರ್ಕೊಂಡು ಕಿರುಗಾವಲಲ್ಲಿ ಮನೇಲೇ ಮಲಗಿದ್ದಾರೆ, ಧಾರೆ ನೋಡ್ಬೇಕು ಅಂತ ಟಿವಿ ಮುಂದೆ ಕಾಯ್ತಿದ್ದಾರೆ."

ಚಂದನ ಬಾನೆಟ್ಟಿನೊಳಗೆ ಬಗ್ಗಿದಳು. ಚೀಲದಿಂದ ಸ್ಪ್ಯಾನರು ತೆಗೆದು ನಟ್ಟಿಗೆ ಹಾಕಿದಳು. ನಟ್ಟು ಸಲೀಸಾಗಿ ತಿರುಗಿತು. ಬಿಗಿ ಮಾಡಿದಳು. ಇನ್ನು ತಿರುಗುವುದಿಲ್ಲ ಅನ್ನುವವರೆಗೆ ಮಾಡಿದಳು.

"ಸ್ಟಾರ್ಟ್ ಮಾಡು."

ಇಂಜಿನ್ನು ಗುರುಗುಟ್ಟಿತು. ಕೇಬಲ್ಲಿನ ಮೇಲೆ ಕೈಯಿಟ್ಟು ನೋಡಿದಳು. ತಣ್ಣಗಿತ್ತು. ಒಳಗಿನಿಂದ ಹರಿಪ್ರಿಯಾ, "ಬಂತು, ಎಲ್ಲ ಸರಿ ಇದೆ," ಎಂದು ಕೂಗಿದಳು. ಛತ್ರದೊಳಗೆ ಗಟ್ಟಿಮೇಳ ಶುರುವಾಯಿತು.

ಆಗ ಚಂದನ ಅವನ ಕಡೆ ತಿರುಗಿದಳು. "ಗಾಡಿಲೇ ಸ್ಪ್ಯಾನರು ಅದಲ್ಲ. ಒಂದು ನಟ್ಟು ಬಿಗಿ ಮಾಡಕ್ಕೆ ಬರಲ್ವಾ ನಿಂಗೆ? ಫೋನು ಯಾಕೆ ಎತ್ನಿಲ್ಲ?"

"ಮಾಡ್ಬೋದಿತ್ತು. ಎತ್ಬೋದಿತ್ತು."

"ಮತ್ತೆ?"

"ನಾನು ಮಾಡ್ದಾಗ ನಿನ್ ಫೋನು ಆಫು. ಆಮೇಲೆ ನೀನು ಮಾಡ್ದಾಗ ಎತ್ತಿದ್ರೆ ಫೋನಲ್ಲೇ ಏಳಿ ಮುಗುಸ್ಬುಡ್ತಿದ್ದೆ, ಬರ್ತಿರ್ನಿಲ್ಲ. ಬೊಟ್ಟು ಯಾರು ಇಡೋರು?"

ರಘುನಂದನ ಬಾನೆಟ್ಟಿನೊಳಗೆ ಬೆರಳು ತೋರಿಸಿದ.

"ನೀನು ಮುಟ್ಟಿರೋ ನಟ್ಟೆಲ್ಲಕ್ಕೂ ಕೆಂಪು ಬೊಟ್ಟು ಅದೆ. ದಿನಾ ಬೆಳಿಗ್ಗೆ ಎದ್ದು ಬಾನೆಟ್ ಎತ್ತಿ ನೋಡ್ತೀನಿ. ಆಯಿಲ್ ನೋಡ್ತಾನೆ ಅಂತ ಅನ್ಕಂಡವ್ಳೆ ನಮ್ಮವ್ವ. ಇವತ್ತು ಇಲ್ಲಿಗೆ ಬಂದು ಎತ್ತಿ ನೋಡಿದ್ರೆ ಒಂದಕ್ಕೆ ಇಲ್ಲ. ನಟ್ಟು ಲೂಸಾಗ್ಯದೆ ಅಂತ ಆಮೇಲೆ ಗೊತ್ತಾಯ್ತು. ಮೊದ್ಲು ನಂಗೆ ಒಳೆದಿದ್ದು, ಚಂದನಂಗೆ ನನ್ಮೇಲೆ ಕ್ವಾಪ ಬಂದದೆ ಅಂತ."

"ಬಂದಿತ್ತು."

"ಯಾಕೆ?"

"ಒಟ್ಟೆ ಉರಿ." ಹೇಳಿಯೇಬಿಟ್ಟಳು. "ಹರಿಪ್ರಿಯಾ ಹರಿಪ್ರಿಯಾ ಅಂತ ಒಂದೇ ಸಮ ಅಂತೀಯಲ್ಲ, ಅದು ಕೇಳಿದ್ರೆ ಉರೀತದೆ. ಆ ಫ್ಯಾನು ಕಂಡ್ರೆ ಉರೀತದೆ. ನೆನ್ನೆ ಅವ್ರ ಬೆರಳು ನೋಡಿ ನಾಚ್ಕಂಡ್ಯಲ್ಲ, ಅದಕ್ಕೆ ನಟ್ಟು ಮರ್ತೆ. ನನ್ನ ಉರಿಗೆ ನೀನೇ ಸುಟ್ಟೋಗಿದ್ರೆ ಏನು ಮಾಡ್ತಿದ್ದೆ ಕಣ್ಲಾ ನಾನು?"

ಗ್ರೀಸಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು, ಕೆನ್ನೆಗೆ ಕಪ್ಪು ಹತ್ತಿತು.

ಹಿಂದಿನಿಂದ ಹರಿಪ್ರಿಯಾ ಇಳಿದು ಬಂದಳು. ಕೈಯಲ್ಲಿ ಆ ಬಾಟಲಿ ಇತ್ತು. "ತಗೊಳ್ಳಿ ನಿಮ್ಮದು. ಇದನ್ನ ಇಸ್ಕೊಂಡೆ ಅಂತ ಇವರು ನೆನ್ನೆಯಿಂದ ನನ್ನ ಹತ್ರ ಸರಿಯಾಗಿ ಮಾತೇ ಆಡಿಲ್ಲ. ಬೇಕಂತಲೇ ಇವರನ್ನ ರೇಗಿಸೋಕೆ ಹಚ್ಕೊಂಡಿದ್ದು ನಾನು, ಇವರು ನಾಚ್ಕೊಂಡಿದ್ದು ನಿಮ್ಮ ಪಾಲಿಶಿಗೆ, ನನ್ನ ಬೆರಳಿಗಲ್ಲ. ಈ ವ್ಯಾನಲ್ಲಿ ದಿನವಿಡೀ ನನಗೆ ಒಂದೇ ಪಾಠ, ಚಂದನ ಹಿಂಗಂದ್ಲು, ಚಂದನ ಹಂಗಂದ್ಲು. ಫ್ಯಾನ್ ಹಾಕಿದ್ರೆ ಚಂದನ ಬೈತಾಳೆ ಅಂತ ಒಂದು ವಾರ ಹೆದರ್ಕೊಂಡಿದ್ರು." ಬಾಟಲಿ ಕೊಟ್ಟು ಓಡಿದಳು. ಒಳಗೆ ಧಾರೆ ನಡೆಯುತ್ತಿತ್ತು, ಅವಳಿಗೆ ಪುರುಸೊತ್ತಿರಲಿಲ್ಲ.

ಚಂದನ ಬಾಟಲಿ ಬಿಚ್ಚಿದಳು. ನಟ್ಟಿನ ಮೇಲೆ ಬೊಟ್ಟು ಇಟ್ಟಳು. ತಲೆ ಎತ್ತಿದರೆ ರಘುನಂದನ ತನ್ನ ಹೆಬ್ಬೆರಳನ್ನು ಮುಂದೆ ಹಿಡಿದಿದ್ದ.

"ಇದಕ್ಕೂ ಒಂದು ಇಡು."

"ಇದ್ಯಾಕೆ?"

"ಬಿಗಿಯಾಯ್ತು ಅಂತ."

ಅವಳು ಅವನ ಮುಖ ನೋಡಿದಳು. ಈಗ ಅವನು ಎಲ್ಲೂ ಕಣ್ಣು ತಿರುಗಿಸಲಿಲ್ಲ. ಅವನ ಕೈಯನ್ನು ತನ್ನ ಕಪ್ಪು ಉಗುರುಗಳ ಕೈಯಲ್ಲಿ ಹಿಡಿದುಕೊಂಡು, ಉಗುರಿನ ನಡುವೆ ಒಂದು ಬೊಟ್ಟು ಇಟ್ಟಳು. ಒಣಗುವವರೆಗೆ ಬಿಡಲಿಲ್ಲ. ಒಣಗಿದ ಮೇಲೂ ಬಿಡಲಿಲ್ಲ.

"ರಘು, ಎರಡನೇ ಕ್ಯಾಮೆರಾ," ಎಂದು ಒಳಗಿನಿಂದ ದನಿ ಬಂತು.

"ಬಂದೆ, ಹರಿಪ್ರಿಯಾ."

ಹ ಇನ್ನೂ ಅಷ್ಟೇ ಸ್ಪಷ್ಟವಾಗಿತ್ತು. ಚಂದನ ಅವನ ಕೈಯನ್ನು ಇನ್ನೊಂದು ಸುತ್ತು ಬಿಗಿ ಹಿಡಿದಳು.

"ಮುಂದ್ಗಡೆ ಸೀಟಿಗೂ ಒಂದು ಫ್ಯಾನು ಆಕು."

"ಯಾರಿಗೆ?"

"ನಂಗೆ. ಇನ್ಮೇಲೆ ಎಲ್ಲಾ ಮದುವೆಗೂ ನಾನೂ ಬತ್ತೀನಿ."

ರಘುನಂದನ ನಕ್ಕ. "ಲೋಡು ತಡೀತದಾ?"

"ಡೈನಮೋ ಆಕಿರೋಳು ನಾನು," ಅಂದಳು ಚಂದನ. "ತಡೀತದೆ."