ಹಿತ್ತಲಿನ ಮೆಟ್ಟಿಲ ಮೇಲಿನ ಬೆಳಕು

ಹಿತ್ತಲಿಗೆ ಆ ದೀಪ ಹಾಕಿಸಿದ್ದೇ ಗುಂಡನಿಗಾಗಿ. ಗುಂಡ ನಮ್ಮ ನಾಯಿ. ಒಂಬತ್ತು ವರ್ಷವಾದರೂ ಬುದ್ಧಿ ಬಂದಿಲ್ಲ. ಮುಸ್ಸಂಜೆಯಾಯಿತೆಂದರೆ ಹುಲ್ಲಿನಲ್ಲಿ ನೆಲಗಪ್ಪೆಗಳ ಬೆನ್ನು ಹತ್ತುತ್ತಿದ್ದ. ಬಾಯಿ ಹಾಕಿದರೆ ಚರ್ಮದಿಂದ ವಿಷ ಒಸರುವ ಕಪ್ಪೆಗಳು ಅವು.

"ಕತ್ತಲಲ್ಲಿ ಕಾಣಲ್ಲ, ಅದೇ ತೊಂದರೆ. ಒಂದು ಒಳ್ಳೆ ಲೈಟ್ ಹಾಕ್ಕೊಡ್ತೀನಿ," ಎಂದ ಹಿಂದಿನ ಮನೆಯ ಮಹಡಿಯಲ್ಲಿರುವ ಎಲೆಕ್ಟ್ರಿಷಿಯನ್.

ಅಮ್ಮ ಅವನಿಗೆ ಕರೆಂಟಪ್ಪ ಎಂದು ಹೆಸರಿಟ್ಟಿದ್ದಳು. ಕೇಳಿಸಿಕೊಂಡರೂ ಕೇಳಿಸದವನ ಹಾಗೆ ನಗುತ್ತಿದ್ದ. ಆ ನಗು ನನಗೆ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ. ನಾನು ಟೈಲರ್. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಗಿರಾಕಿಗಳ ಅಂಗಿಗೆ ಗುಂಡಿ ಹೊಲಿಯಲು ಹೊಸ ಬೆಳಕು ಚೆನ್ನಾಗಿ ಒದಗಿತು.

ಎಲ್ಲ ಹತ್ತೇ ದಿನ. ಒಂದು ಸಂಜೆ ಸೂಜಿಯಿಂದ ತಲೆ ಎತ್ತುತ್ತೇನೆ, ಗುಂಡನ ಬಾಯ ತುಂಬ ನೊರೆ! ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿದ್ದಾನೆ, ನಿಂತಲ್ಲೇ ತೂರಾಡುತ್ತಿದ್ದಾನೆ.

ನಾನು ಕಿರುಚಿದ್ದಕ್ಕೆ ಕರೆಂಟಪ್ಪ ಕಾಂಪೌಂಡ್ ಹಾರಿ ಬಂದ. ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ತಲೆ ಕೆಳಗೆ ಬಗ್ಗಿಸಿ, ಬಾಯಿ ಪಕ್ಕದಿಂದ ನೀರು ಬಿಡಿ. ಗಂಟಲೊಳಗೆ ಹೋಗಬಾರದು. ಒದ್ದೆ ಬಟ್ಟೇಲಿ ಒಸಡು ಒರೆಸಿ, ತಕ್ಷಣ ಕರ್ಕೊಂಡು ಬನ್ನಿ," ಎಂದರು ಅವರು.

ಅವನು ತಲೆ ಹಿಡಿದ, ನಾನು ಪೈಪು ಹಿಡಿದೆ. ಬಟ್ಟೆ ಹುಡುಕಲು ಪುರುಸೊತ್ತೆಲ್ಲಿ? ಮಡಿಲಲ್ಲಿದ್ದ ಗಿರಾಕಿಯ ಅಂಗಿಯಿಂದಲೇ ಒಸಡು ಒರೆಸಿದೆ.

ಕ್ಲಿನಿಕ್ಕಿನಲ್ಲಿ ಎರಡು ಗಂಟೆ ಕಳೆದ ಮೇಲೆ ಗುಂಡ ಬಾಲ ಅಲ್ಲಾಡಿಸಿದ. ನಾನು ಅತ್ತುಬಿಟ್ಟೆ. ಡಾಕ್ಟರು ಕನ್ನಡಕ ಮೇಲೇರಿಸಿ ಕೇಳಿದರು:

"ಹಿತ್ತಲಲ್ಲಿ ಲೈಟ್ ಏನಾದ್ರೂ ಹಾಕ್ಸಿದ್ದೀರಾ?"

"ಹೂಂ. ಕಪ್ಪೆ ಕಾಣ್ಲಿ ಅಂತ."

"ಅಯ್ಯೋ ಪುಣ್ಯಾತ್ಗಿತ್ತಿ! ಲೈಟಿಗೆ ಹುಳ ಬರುತ್ತೆ, ಹುಳ ತಿನ್ನೋಕೆ ಕಪ್ಪೆ ಬರುತ್ತೆ. ನೀವೇ ಊಟಕ್ಕೆ ಕರೆದ ಹಾಗಾಯ್ತಲ್ಲ!"

ಕರೆಂಟಪ್ಪನ ಮುಖ ಸಪ್ಪಗಾಯಿತು. ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ. ಒಂಬತ್ತು ವರ್ಷ ಜೊತೆಗಿದ್ದ ಜೀವ ಕೈತಪ್ಪಿ ಹೋಗುತ್ತಿತ್ತು, ನನಗೆ ಅಷ್ಟು ಸಿಟ್ಟು.

ಮೂರು ದಿನ ಅವನ ಸುಳಿವಿಲ್ಲ. ಮೊದಲ ದಿನ ಸಿಟ್ಟಿತ್ತು. ಎರಡನೆಯ ದಿನ ಕಾರಣ ಹುಡುಕಿಕೊಂಡು ಸಿಟ್ಟಾದೆ. ಮೂರನೆಯ ದಿನ ಸುಮ್ಮಸುಮ್ಮನೆ ಹಿತ್ತಲ ಬಾಗಿಲು ತೆಗೆದು ಮಹಡಿಯ ಕಡೆ ನೋಡಿದೆ.

"ಕುತ್ತಿಗೆ ಉಳುಕೀತು," ಎಂದಳು ಅಮ್ಮ.

ನಾಲ್ಕನೆಯ ಸಂಜೆ, ಇನ್ನೂ ಬೆಳಕಿರುವಾಗಲೇ, ಅವನು ಏಣಿ ಹೊತ್ತು ಬಂದ. ಬಗಲಲ್ಲಿ ಒಂದು ಸುರುಳಿ ತಂತಿ ಬಲೆ.

"ಲೈಟ್ ತೆಗೀತೀನಿ. ಗೇಟಿನ ಕೆಳಗೆ ಬಲೆ ಕಟ್ತೀನಿ. ಗುಂಡನ ನೀರಿನ ಬಟ್ಟಲು ಸಂಜೆ ಹೊತ್ತಿಗೆ ಒಳಗಿಡಿ, ಕಪ್ಪೆ ಅದಕ್ಕೂ ಬರ್ತವಂತೆ. ಆಮೇಲೆ ನಿಮ್ಮ ಕಣ್ಣಿಗೆ ಬೀಳಲ್ಲ."

ಏಣಿ ಹತ್ತಿದ. ಗುಂಡ, ನಾಚಿಕೆಗೆಟ್ಟವನು, ಅವನ ಚಪ್ಪಲಿ ನೆಕ್ಕುತ್ತ ಕೂತ. ನಾನು ಏಣಿ ಹಿಡಿದು ಮೇಲೆ ನೋಡಿದೆ. ಅಳತೆ ತೆಗೆಯುವುದೇ ನನ್ನ ಕಸುಬು. ಸೊಟ್ಟಗಿದ್ದದ್ದು ಕಣ್ಣಿಗೆ ಚುಚ್ಚುತ್ತದೆ. ಹತ್ತು ದಿನ ಆ ದೀಪದ ಕೆಳಗೇ ಕೂತವಳಿಗೆ ಈಗ ಕಂಡಿತು.

"ಒಂದ್ನಿಮಿಷ. ಕಪ್ಪೆ ಇರೋದು ಎಲ್ಲಿ?"

"ಹುಲ್ಲಲ್ಲಿ."

"ಮತ್ತೆ ಲೈಟಿನ ಮುಖ ಯಾಕೆ ಮೆಟ್ಟಿಲ ಕಡೆಗಿದೆ?"

ಸ್ಕ್ರೂಡ್ರೈವರ್ ಕೈಜಾರಿ ಕೆಳಗೆ ಬಿತ್ತು. ಅವನ ಕಿವಿ ಕೆಂಪಾದವು.

"ಹೇಳಿ. ಎಲೆಕ್ಟ್ರಿಷಿಯನ್ನಿಗೆ ದಿಕ್ಕು ಗೊತ್ತಾಗಲ್ವಾ?"

"ಗೊತ್ತಾಗುತ್ತೆ," ಎಂದ ಮೆಲ್ಲಗೆ, ಏಣಿಯ ಮೇಲಿಂದಲೇ. "ನೀವು ಮೆಟ್ಟಿಲ ಮೇಲೆ ಕೂರ್ತೀರಿ. ನನ್ನ ಕಿಟಕಿಯಿಂದ ಕತ್ತಲಾದ ಮೇಲೆ ನಿಮ್ಮ ಮುಖ ಕಾಣ್ತಿರಲಿಲ್ಲ. ಕಪ್ಪೆ ನೆಪ. ಆ ನೆಪಕ್ಕೆ ಗುಂಡನ ಜೀವ ಹೋಗ್ತಿತ್ತು. ಅದಕ್ಕೇ ಮುಖ ತೋರಿಸೋಕೆ ಆಗಲಿಲ್ಲ."

ಬೈಯಬೇಕೆಂದು ಬಾಯಿ ತೆರೆದೆ. ನಗು ಬಂತು. ಕಣ್ಣಲ್ಲಿ ನೀರೂ ಬಂತು.

"ಅಷ್ಟು ದೂರದಿಂದ ನೋಡಿದ್ರೆ ಯಾರ ಮುಖ ತಾನೇ ಸರಿಯಾಗಿ ಕಾಣುತ್ತೆ? ಲೈಟ್ ತೆಗೆದು, ಇಲ್ಲೇ ಬಂದು ಕೂತ್ಕೊಳ್ಳಿ."

ಈಗ ಸಂಜೆಯಾಗುತ್ತಲೇ ಬರುತ್ತಾನೆ. ಟಾರ್ಚು ಅವನ ಕೈಯಲ್ಲಿ, ಬಕೆಟ್ಟು ನನ್ನ ಕೈಯಲ್ಲಿ. ಹುಲ್ಲೆಲ್ಲ ನೋಡಿ, ಕೈಗವಸು ತೊಟ್ಟು ಕಪ್ಪೆ ಎತ್ತಿ, ಆಚೆ ಹಳ್ಳದ ಬಳಿ ಬಿಟ್ಟು ಬಂದ ಮೇಲೆಯೇ ಗುಂಡನಿಗೆ ಬಾಗಿಲು ತೆಗೆಯುವುದು. ಆಮೇಲೆ ಮೂವರೂ ಮೆಟ್ಟಿಲ ಮೇಲೆ, ಮಬ್ಬುಗತ್ತಲಲ್ಲಿ.

ಮೊದಲ ವಾರ ಗುಂಡ ನಮ್ಮಿಬ್ಬರ ನಡುವೆ ಮಲಗುತ್ತಿದ್ದ. ಎರಡನೆಯ ವಾರ ನಾನೇ ಅವನನ್ನು ಎತ್ತಿ ಆ ಪಕ್ಕಕ್ಕೆ ಮಲಗಿಸಿದೆ.