ಒಂದೇ ಬೆರಳಿನ ಅಳತೆ

“ಇದೇನಪ್ಪಾ, ಯಾರ ಮೈಗೆ ಹೊಲಿದ ಅಂಗಿ ಇದು? ನಾನು ಇಲ್ಲಿ ಒತ್ತಿದ್ರೆ ಪಕ್ಕದ ಮನೆ ಬಾಗಿಲು ತಟ್ಟುತ್ತೆ!”

ಲ್ಯಾಬಿನ ಹಿರಿಯ ಮೇಡಂ ಸ್ಕ್ರೀನಿನ ಮೇಲಿನ ನೀಲಿ ಚುಕ್ಕಿಯನ್ನು ಮತ್ತೊಮ್ಮೆ ಒತ್ತಿದರು. ಬೆಳಗಿದ್ದು ಪಕ್ಕದ ಹಸಿರು ಚುಕ್ಕಿ. ಎಂಜಿನಿಯರ್ ತಲೆ ಕೆರೆದುಕೊಂಡ. ಅವನ ಕಿವಿ ಕೆಂಪಗಾಗಿತ್ತು. ಕಿಟಕಿಯಿಂದ ಇಳಿದ ಸಂಜೆಬಿಸಿಲಿಗೋ ಏನೋ ಎಂದುಕೊಂಡಳು, ಮೂಲೆಯ ಕುರ್ಚಿಯಲ್ಲಿ ಕೂತಿದ್ದ ದರ್ಜಿ ಹುಡುಗಿ.

ಫೋನುಗಳು ಅವಳ ಮಾತು ಕೇಳಿದ್ದೇ ಇಲ್ಲ. ಸೂಜಿ ಹಿಡಿದು ಜಡ್ಡುಗಟ್ಟಿದ ಬೆರಳು; ಒಂದು ಅಕ್ಷರ ಒತ್ತಿದರೆ ಇನ್ನೊಂದು ಬೀಳುತ್ತಿತ್ತು. ಹೊಸ ಟಚ್ ಸ್ಕ್ರೀನನ್ನು ಒತ್ತಿ ಪರೀಕ್ಷಿಸಲು ಜನ ಬೇಕೆಂದು ಕೇಳಿ ಈ ಲ್ಯಾಬಿಗೆ ಬಂದಿದ್ದಳು. “ನನ್ನ ಬೆರಳೇ ಸರಿಯಿಲ್ಲ ಬಿಡಿ” ಎಂದು ಮೊದಲ ದಿನ ನಕ್ಕಾಗ ಎಂಜಿನಿಯರ್ ನಕ್ಕಿರಲಿಲ್ಲ.

“ಬೆರಳು ಸರಿಯಾಗೇ ಇದೆ ರೀ. ಕಣ್ಣು ನೋಡೋದು ಉಗುರಿನ ತುದಿ, ತಾಗೋದು ಅದರ ಕೆಳಗಿನ ಮೆತ್ತನೆ ಭಾಗ. ಆ ಅಂತರ ಒಬ್ಬೊಬ್ಬರಿಗೆ ಒಂದೊಂದು ಥರ. ಕಲೀಬೇಕಾದ್ದು ಸ್ಕ್ರೀನು, ನೀವಲ್ಲ.”

ತಪ್ಪು ನಿನ್ನದಲ್ಲ ಎಂದು ಅವಳಿಗೆ ಅಷ್ಟು ಮೆಲ್ಲಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಸೂಜಿ ಬಟ್ಟೆಯ ಮೇಲೆ ಓಡುತ್ತಿದ್ದರೂ ಮನಸ್ಸು ಈ ಕಿಟಕಿಯ ಹತ್ತಿರವೇ ತೇಲುತ್ತಿತ್ತು.

ಇವತ್ತು ಪರೀಕ್ಷೆಯ ಕೊನೆಯ ದಿನ. ನಾಳೆ ಬರಲು ನೆಪವಿಲ್ಲ. ಅವನೋ, ಬಾಯಿ ಬಿಡುವ ಪೈಕಿಯವನಲ್ಲ.

“ನೀನು ಬಾಮ್ಮ, ಒತ್ತು ನೋಡೋಣ,” ಎಂದರು ಮೇಡಂ.

ಒತ್ತಿದಳು. ನೀಲಿ. ಹಳದಿ. ಕೆಂಪು. ಮುಟ್ಟಿದ ಚುಕ್ಕಿಯೇ ಅರಳಿತು.

“ಅಲ್ಲಯ್ಯಾ, ಊರಿನವರ ಬೆರಳೆಲ್ಲ ತಂದುಕೊಟ್ಟೆ. ನೀನು ಇದೊಂದನ್ನೇ ಇಟ್ಕೊಂಡು ಸ್ಕ್ರೀನಿಗೆ ಕಲಿಸಿದ್ಯಾ?”

“ಇವರ ಬೆರಳು ಸ್ವಲ್ಪ ಕಷ್ಟದ್ದು ಅಂತ, ಮೇಡಂ...”

“ಕಷ್ಟ ಯಾರಿಗೆ ಅಂತ ಕಾಣ್ತಾನೇ ಇದೆ. ಮೊದಲಿಂದ ಮಾಡು. ನಾನು ಕಾಫಿಗೆ ಹೋಗ್ತೀನಿ. ಬೇಗ ಬರಲ್ಲ.”

ಬಾಗಿಲು ಮುಚ್ಚಿತು.

“ಅಂದ್ರೆ, ನನ್ನ ಬೆರಳನ್ನ ಇದು ಮರೆತುಬಿಡುತ್ತಾ?” ಅವಳು ಕೇಳಿದಳು.

“ಮರೆಸಲೇಬೇಕು. ಇಲ್ಲಾಂದ್ರೆ ಲೋಕಕ್ಕೆಲ್ಲ ತೊಂದರೆ.”

“ಮತ್ತೆ ನೀವು?”

ಸ್ಕ್ರೀನನ್ನೇ ನೋಡುತ್ತಿದ್ದವನು ಮೊದಲ ಸಲ ನೇರವಾಗಿ ಅವಳ ಕಣ್ಣಲ್ಲಿ ಕಣ್ಣಿಟ್ಟ.

“ನನ್ನಲ್ಲಿ ಮರೆಸೋ ಬಟನ್ ಇಲ್ಲ ರೀ. ಇದ್ದಿದ್ರೂ ಒತ್ತುತ್ತಿರಲಿಲ್ಲ.”

“ಇಷ್ಟು ಹೇಳೋಕೆ ಒಂದು ಮೆಷಿನ್ ಕೆಡಿಸಬೇಕಿತ್ತಾ?”

“ನಾಳೆ ಬರ್ತೀರಾ? ಪರೀಕ್ಷೆಗಲ್ಲ.”

“ಅಂಗಡಿ ಮುಚ್ಚಿ ಬರ್ತೀನಿ. ಆದ್ರೆ ಆ ‘ರೀ’ ಇಲ್ಲೇ ಬಿಟ್ಟುಬಿಡಿ.”

ಮೇಜಿನ ಮೇಲೆ ಅವನ ಕೈ ಹೆದರುತ್ತ ಹೆದರುತ್ತ ಅವಳ ಕೈಯತ್ತ ಸರಿಯಿತು. ಜಡ್ಡುಗಟ್ಟಿದ ಬೆರಳತುದಿಗೂ ಆ ಬಿಸುಪು ತಿಳಿಯಿತು. ಎಷ್ಟು ಹೊತ್ತಾದರೂ ಯಾರೂ ಮುಟ್ಟದ್ದರಿಂದ ಸ್ಕ್ರೀನು ಮೆಲ್ಲಗೆ ಮಂಕಾಗಿ, ತಾನೇ ಆರಿಹೋಯಿತು.