ಉಸಿರಂಗಡಿಯ ಯಜಮಾನನ ಸಾವು

ಸುಲ್ತಾನ್ ಬತ್ತೇರಿಯ ಶಿವಮಲ್ಲಪ್ಪನವರು ಸತ್ತಿದ್ದಾರೆಂದು ಗೊತ್ತಾದ ಮಂಗಳವಾರ ಬೆಳಿಗ್ಗೆ, ಅವರ ಮಂದಿ ಮೊದಲು ಕೂಗಿದ್ದು "ಅಯ್ಯೋ" ಎಂದಲ್ಲ. "ಕಳವು! ಕಳವು!" ಎಂದು.

ನಗಬೇಡಿ. ಉಸಿರಂಗಡಿಯವರ ಮಟ್ಟಿಗೆ ಅದು ಸರಿಯೇ.

ತಾತಂದಿರ ಕಾಲದಲ್ಲೇ ಗುಂಡ್ಲುಪೇಟೆ ಕಡೆಯಿಂದ ಬಂದು ಬತ್ತೇರಿಯಲ್ಲಿ ನೆಲೆಯೂರಿದ ವ್ಯಾಪಾರದ ಮಂದಿ ಅವರು. ಎಡಕ್ಕೆ ಮೆಣಸಿನ ಮಂಡಿ, ಬಲಕ್ಕೆ ಶುಂಠಿ ಮಂಡಿ, ನಡುವೆ ಅವರ ಅಂಗಡಿ. ಒಳಗೆ ಒಂದು ಡಬ್ಬಿಯಿಲ್ಲ, ತಕ್ಕಡಿಯಿಲ್ಲ. ಮಾರುವುದು ಮಂತ್ರವಿದ್ಯೆ. ಹಾವಿನ ವಿಷ ಇಳಿಸುವುದು, ಗದ್ದೆಗೆ ನುಗ್ಗಿದ ಆನೆಯನ್ನು ತಿರುಗಿಸುವುದು, ಜೇನುಹುಳವನ್ನು ಮಲಗಿಸುವುದು—ಕಾಡಿನ ಹಾಡಿಗಳಲ್ಲಿ ಕೊಂಡು ಊರಿನಲ್ಲಿ ಮಾರುತ್ತಾರೆ. ಕೊಡುವವನ ಬಾಯಿ, ಕೊಳ್ಳುವವನ ಕಿವಿ, ಅಷ್ಟೇ ಬಂಡವಾಳ. ಕೊಟ್ಟವನಿಗೆ ಆ ಕ್ಷಣವೇ ವಿದ್ಯೆ ಮರೆತುಹೋಗುತ್ತದೆ. ಎಲ್ಲ ಮುಗಿದ ಮೇಲೆ ಕಡೆಯ ಮಾತಾಗಿ ಅವನು ಪಥ್ಯ ಹೇಳಬೇಕು. ಒಬ್ಬನಿಗೆ ಪಡವಲಕಾಯಿ ತಿನ್ನಬೇಡ ಎನ್ನಬಹುದು, ಇನ್ನೊಬ್ಬನಿಗೆ ಮೈಮೇಲೆ ಕೂತ ನೊಣ ಓಡಿಸಬೇಡ ಎನ್ನಬಹುದು. ಪಥ್ಯ ಏನೆಂಬುದು ಕೊಡುವವನ ಇಷ್ಟ. ಕೈ ಬದಲಾದಾಗಲೆಲ್ಲ ಅದೂ ಬದಲಾಗುತ್ತದೆ. ಪಥ್ಯ ತಪ್ಪಿದರೆ ವಿದ್ಯೆ ಕರ್ಪೂರದ ಹಾಗೆ ಹೋಯಿತು.

ಇನ್ನೊಂದು ಮಾತು. ಬಾಯಲ್ಲಿ ಒಂದೇ ಒಂದು ವಿದ್ಯೆ ಉಳಿದಿದ್ದರೂ ಆ ಮನುಷ್ಯನಿಗೆ ಸಾವು ಬರುವುದಿಲ್ಲ. ಶಿವಮಲ್ಲಪ್ಪನವರ ಬಾಯಲ್ಲಿ ಮೂವತ್ತೊಂದಿದ್ದವು. ಅವರು ಸತ್ತರೆಂದರೆ, ಮೂವತ್ತೊಂದನ್ನೂ ಯಾರೋ ಈಸಿಕೊಂಡಿದ್ದಾರೆ ಎಂದೇ ಅರ್ಥ.

ಇದನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಬರೆಸಿದರೆ ಯಾವ ಕಲಂ ಹಾಕುತ್ತಾರೆ? ವಯನಾಡು ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆಫೀಸುಗಳಿಗೆ ಬೋರ್ಡು ಬಂದಿತ್ತು, ಕುರ್ಚಿ ಬಂದಿರಲಿಲ್ಲ. ಹಾಗಾಗಿ ಆಳು ಬಂದದ್ದು ನಮ್ಮ ಪಯ್ಯಂಪಳ್ಳಿಗೆ, ನನ್ನ ಅಕ್ಕ ಮಾದಮ್ಮನನ್ನು ಕರೆಯಲು.

ಉಸಿರಂಗಡಿಯವರ ಕೂಟದಲ್ಲಿ ಒಬ್ಬರು 'ಬರಿಬಾಯಿ' ಇರಬೇಕು ಎಂಬುದು ಕಟ್ಟಳೆ. ಅಂದರೆ ಒಂದು ವಿದ್ಯೆಗೂ ಕಿವಿ ಕೊಡದ ಮನುಷ್ಯ. ತಂಟೆ ಬಂದರೆ ತೀರ್ಪು ಅವರದು. ನಮ್ಮಕ್ಕ ಇಪ್ಪತ್ತು ವರ್ಷದಿಂದ ಬರಿಬಾಯಿ. ಬರಿ ಎಂಬುದು ವಿದ್ಯೆಯ ಮಟ್ಟಿಗೆ ಮಾತ್ರ, ಬೈಗುಳಕ್ಕೆ ಆ ಬಾಯಲ್ಲಿ ಬರವಿಲ್ಲ. ನಾನು ಅವಳ ತಮ್ಮ ಮುದ್ದಪ್ಪ. ಚೀಲ ಹೊರುವವನು, ಬೈಸಿಕೊಳ್ಳುವವನು.

"ಕಳ್ಳ ಸಿಕ್ಕವನೆ ಕಣವ್ವ. ಗುರುವಾರ ಮಧ್ಯಾಹ್ನ ಕೂಟ. ಬಾಯಿ ಕಟ್ಟಾದೊಂದೇ ಬಾಕಿ," ಎಂದಿದ್ದ ಬಂದ ಆಳು.

ಮಂತ್ರದಿಂದ ಬಾಯಿ ಕಟ್ಟಿಸಿಕೊಂಡು ಮೂಗನಾದ ಒಬ್ಬನನ್ನು ನಾನು ಕಂಡಿದ್ದೇನೆ. ಅವನ ಪುಟ್ಟ ಮಗಳು ಬಾವಿಕಟ್ಟೆ ಹತ್ತಿದಾಗ ಕೂಗಲಾಗದೆ ಎದೆ ಎದೆ ಹೊಡೆದುಕೊಂಡಿದ್ದ.

ಗುರುವಾರ ಮೊದಲ ಬಸ್ಸಿಗೇ ಹೊರಟೆವು.

ಕಳ್ಳನೆಂದು ಹಿಡಿದದ್ದು ಕಾಳನನ್ನು. ನೂಲ್ಪುಳದ ಕಾಡಿನಲ್ಲಿ ಜೇನು ಕೀಳುವವನು. ಅಂಗಡಿಯ ಹಿಂದಿನ ಸೌದೆ ಕೋಣೆಯಲ್ಲಿ ಕೂಡಿಹಾಕಿದ್ದರು.

"ಮಂಗಳವಾರ ಯಾಕಪ್ಪ ಬಂದಿದ್ದೆ?" ಅಕ್ಕ ಕೇಳಿದಳು.

"ಯಜಮಾನ್ರೇ ಹೇಳ್ಕಳ್ಸಿದ್ರು ಅವ್ವ. ನಮ್ಮಪ್ಪ ಜೇನಿನ ವಿದ್ಯೆ ಇವರಿಗೆ ಮಾರ್ಬುಟ್ಟಿದ್ದ—ಒಂದು ಕಂಬ್ಳಿಗೆ, ಎರಡು ಸೇರು ಉಪ್ಪಿಗೆ. ಆಮೇಲೆ ನಮ್ ಹಾಡೀಲಿ ಮೂರು ಜನ ಹುಳ ಕಚ್ಚಿ ಮರದಿಂದ ಬಿದ್ದು ಸತ್ರು. ಈ ಸಲ ನನ್ ತಮ್ಮ. ಯಜಮಾನ್ರು ಅದ ಕೇಳಿ, ಬಾ, ವಾಪಸ್ ಕೊಡ್ತೀನಿ ಅಂದ್ರು."

"ಸುಮ್ಮನೆ?"

"ಸುಮ್ನೆ."

ನಾನು ನಕ್ಕುಬಿಟ್ಟೆ. ಉಸಿರಂಗಡಿಯವರು ಸುಮ್ಮನೆ ಕೊಡುವುದು ಸೀನು ಒಂದನ್ನೇ. ಅಕ್ಕ ದುರುಗುಟ್ಟಿ ನೋಡಿದಳು.

"ಆಮೇಲೆ?"

"ಕೋಣೆ ಬಾಗ್ಲು ತೆರ್ದಿತ್ತು. ಒಳಕ್ಕೋದೆ. ಸತ್ತೋಗಿದ್ರು. ಕೂಗ್ಕಂಡೆ. ಯಜಮಾನ್ರ ಸಾಕುಮಗ ಕೆಂಡಗಣ್ಣಪ್ಪ ಓಡ್ಬಂದು ನನ್ನೇ ಹಿಡ್ಕಂಡ್ರು."

"ಇಲ್ಲಿ ಊಟ ಕೊಟ್ರಾ?"

ಇದೆಂಥ ಪ್ರಶ್ನೆ ಎಂದು ಕಾಳ ಕಣ್ಣು ಬಿಟ್ಟ. "ಕೊಟ್ರು. ಕಂಜಿ, ಹುರುಳಿ ಚಟ್ನಿ, ನಿನ್ನೆ ಬಾಳೆಕಾಯಿ ಪಲ್ಯ. ಸುಳ್ಯಾಕೆ ಹೇಳ್ಲಿ, ಎಲ್ಲಾ ತಿಂದೆ."

ನನ್ನ ಬಾಯಲ್ಲಿ ನೀರೂರಿತು. ಬೆಳಿಗ್ಗೆಯಿಂದ ಒಂದು ಚಾಯ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಅವ್ವ," ಕಾಳ ಕೈ ಮುಗಿದ, "ಬೇಕಾದ್ರೆ ಕೈ ಕಡೀರಿ. ಬಾಯಿ ಕಟ್ಬೇಡಿ. ಮರದ ಮೇಲಿರೋನಿಗೆ ಹುಳ ಯಾವ ಕಡೆ ತಿರುಗ್ತು ಅಂತ ಕೆಳಗಿಂದ ಕೂಗಿ ಹೇಳೋನು ನಾನು. ನಾನು ಮೂಗನಾದ್ರೆ ಇನ್ನೂ ಜನ ಬೀಳ್ತಾರೆ."

ಅಕ್ಕ ಹೊರಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಮನೆಯೊಳಗೆ ಶಿವಮಲ್ಲಪ್ಪನವರ ಮಗಳು ನಾಗರತ್ನಮ್ಮ ಉಣ್ಣುತ್ತ ಕೂತಿದ್ದಳು. ಮಾನಂದವಾಡಿಗೆ ಕೊಟ್ಟ ಹೆಣ್ಣು. ಅಪ್ಪನನ್ನು ಮಣ್ಣು ಮಾಡಿದ್ದು ಹಿಂದಿನ ದಿನ, ಇವಳು ನೆಂಟರು ತಂದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದಳು. ನನಗೆ ಸಿಟ್ಟು ಬಂತು. ಹೊಟ್ಟೆಕಿಚ್ಚೂ.

"ಏನ್ ಹಂಗ್ ನೋಡೀರಿ ಮುದ್ದಪ್ಪ? ಹಸಿವು ಸಾವು ನೋಡ್ತದಾ?"

"ಉಣ್ಣವ್ವ ನೀನು," ಅಕ್ಕ ಪಕ್ಕದಲ್ಲೇ ಕೂತಳು. "ಯಾವತ್ತು ಬಂದೆ?"

"ಭಾನುವಾರ. ಅಪ್ಪ ಮೌನ ಕೂತವ್ರೆ, ಬಾಗ್ಲು ತೆಗೀಬ್ಯಾಡ ಅಂದ ಕೆಂಡಗಣ್ಣ. ಮುಖಾನೂ ನೋಡ್ಲಿಲ್ಲ ನಾನು."

"ಬಂದದ್ದು ಯಾಕೆ?"

ಕೈ ಮುದ್ದೆಯ ಮೇಲೇ ನಿಂತಿತು. "ಜಗಳಕ್ಕೆ. ಅಪ್ಪ ಎಲ್ಲಾನೂ ಕಾಡಿನೋರಿಗೆ ಸುಮ್ನೆ ವಾಪಸ್ ಕೊಡ್ತೀನಿ ಅಂತ ಹೇಳ್ಕಳ್ಸಿದ್ರು. ಹಾವಿನ ವಿದ್ಯೆ ಒಂದಾದ್ರೂ ನನ್ ಮಗನಿಗೆ ಕೊಡು ಅಂತ ಕೇಳಾಕೆ ಬಂದಿದ್ದೆ."

ಸಿಕ್ಕಿಬಿದ್ದಳು ಎಂದುಕೊಂಡೆ. ಅಕ್ಕನ ಮೊಣಕೈ ತಿವಿದೆ. ಅವಳು ತಿರುಗಿ ನನ್ನ ತೊಡೆ ಚಿವುಟಿದಳು.

"ಅಪ್ಪನ ಮೈ ತೊಳೆದೋರ್ಯಾರು?"

"ನಾನೇ." ಅವಳ ದನಿ ಒಡೆಯಿತು. "ತುಟಿ ಬಿರುಕು ಬಿಟ್ಟಿತ್ತು ಮಾದಮ್ಮಕ್ಕ. ನಾಲಗೆ ಕೊರಡಾಗಿತ್ತು. ಈ ಆಷಾಢದ ತೇವದಲ್ಲಿ ಯಾರಿಗಾದ್ರೂ ಹಂಗಾಯ್ತದಾ?"

"ಜ್ವರ ಇದ್ದಿರಬೇಕು," ಎಂದೆ ನಾನು.

"ನಿನ್ನ ಯಾರೂ ಕೇಳ್ಲಿಲ್ಲ," ಎಂದಳು ಅಕ್ಕ.

ಜಗಲಿಯ ಮೇಲೆ ಕೆಂಡಗಣ್ಣಪ್ಪ ಕೂತಿದ್ದ. ಶಿವಮಲ್ಲಪ್ಪನವರ ತಮ್ಮನ ಮಗ, ಅವರೇ ಸಾಕಿದವನು, ಮುಂದಿನ ಯಜಮಾನ. ಬಂದವರೆಲ್ಲ ಅವನನ್ನು ತೋರಿಸಿ, ದುಃಖವೆಂದರೆ ಇದಪ್ಪಾ ಎನ್ನುತ್ತಿದ್ದರು. ದಿನಕ್ಕೆ ಐವತ್ತು ಸಲ ಎಲೆಅಡಿಕೆ ಹಾಕುವವನು, ಚೀಲ ಮಡಿಸಿ ಪಕ್ಕಕ್ಕಿಟ್ಟಿದ್ದ. ತುಟಿಯ ಮೂಲೆಯಲ್ಲಿ ನೊಣವೊಂದು ಓಡಾಡುತ್ತಿತ್ತು. ಅದನ್ನು ಓಡಿಸುವಷ್ಟೂ ಮನಸ್ಸಿರಲಿಲ್ಲ ಪಾಪ.

"ನೀನು ಕಂಡದ್ದೇನು ಕೆಂಡಗಣ್ಣ?" ಅಕ್ಕ ಕೇಳಿದಳು.

"ಕಾಳ ದೊಡ್ಡಪ್ಪನ ಬಾಯಿಗೆ ಕಿವಿ ಇಟ್ಟು ಬಗ್ಗಿದ್ದ. ನನ್ ಕಂಡೋನೇ ಎದ್ದು ಕೂಗಾಡ್ದ."

"ಮೌನ ಕೂತೋರಿಗೆ ನೀರು ನಿಡಿ ಕೊಡ್ತಿದ್ದೋರು?"

"ನಾನೇ ಕಣವ್ವ. ಇನ್ಯಾರು?"

"ಕಾಳ ಮೂವತ್ತೊಂದೂ ಈಸ್ಕೊಂಡ ಅಂತೀಯ. ಪಥ್ಯಾನೂ ಕೇಳ್ಕೊಂಡನಾ?"

ಕೆಂಡಗಣ್ಣಪ್ಪ ಗಕ್ಕನೆ ತಲೆ ಎತ್ತಿದ. "ನನಗೆ—ನನಗೇನು ಗೊತ್ತು?"

ನೆಂಟರ ಹೆಣ್ಣುಮಗಳೊಬ್ಬಳು ಚಾಯ ತಂದಿಟ್ಟಳು. ಅವನ ಲೋಟ ಹಾಗೇ ಆರಿ ಕೆನೆ ಕಟ್ಟಿತು.

"ಎರಡು ಗುಟುಕು ನೀರಾದ್ರೂ ಕುಡೀರಿ ಕೆಂಡಗಣ್ಣಪ್ಪೋರೆ," ನಾನು ಬೇಡಿಕೊಂಡೆ. "ಮಂಗಳವಾರದಿಂದ ಏನೂ ಮುಟ್ಟಿಲ್ವಂತೆ."

"ದೊಡ್ಡಪ್ಪನೇ ಇಲ್ಲ. ನನಗ್ಯಾಕೆ ನೀರು?"

ನನ್ನ ಕಣ್ಣು ತುಂಬಿತು. ಹಾಳಾಗಬಾರದೆಂದು ಅವನ ಚಾಯವನ್ನೂ ನಾನೇ ಕುಡಿದೆ. ಅಕ್ಕ ಅದನ್ನು ನೋಡುತ್ತ ನಿಂತಿದ್ದಳು. ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ.

ಮಧ್ಯಾಹ್ನ ಕೂಟ ಸೇರಿತು. ಇಪ್ಪತ್ತು ಇಪ್ಪತ್ತೈದು ಮಂದಿ. ಎಲ್ಲರ ಬಾಯಲ್ಲೂ ವಿದ್ಯೆ, ಒಬ್ಬರ ಮುಖದಲ್ಲೂ ಕನಿಕರವಿಲ್ಲ. ಕಾಳನ ಕೈ ಕಟ್ಟಿ ತಂದು ನಡುವೆ ಕೂರಿಸಿದರು. ಬಾಯಿ ಕಟ್ಟುವ ಮುದುಕ ಆಗಲೇ ಬಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕಾಳ ಬಾಯಲ್ಲಿ ಏನೋ ಪಿಟಿಪಿಟಿ ಹೇಳಿಕೊಳ್ಳುತ್ತಿದ್ದ—ಆಮೇಲೆ ಕೇಳಿದರೆ, ಹೆಂಡತಿ ಮಕ್ಕಳ ಹೆಸರಂತೆ, ಕಡೇ ಸಲಕ್ಕೆ ಹೇಳಿಬಿಡೋಣ ಅಂತ.

ಅಕ್ಕ ಒಂದು ಚೊಂಬು ನೀರು ತರಿಸಿದಳು. ಕೆಂಡಗಣ್ಣಪ್ಪನ ಮುಂದಿಟ್ಟಳು.

"ಇದನ್ನ ಕುಡಿ. ನೀನು ಕುಡಿದ ಕೂಡ್ಲೆ ಕಾಳನ ಬಾಯಿ ಕಟ್ಟಿಸ್ತೀನಿ."

"ಇದೆಂಥ ಆಟ?" ಯಾರೋ ಗೊಣಗಿದರು.

"ಕುಡಿಯಣ್ಣ, ಅದಕ್ಕೇನು?" ಎಂದಳು ನಾಗರತ್ನಮ್ಮ.

ಕೆಂಡಗಣ್ಣಪ್ಪ ಚೊಂಬು ಎತ್ತಿದ. ತುಟಿಯ ತನಕ ತಂದ. ಕಣ್ಣು ನೀರಿನ ಮೇಲೇ ನೆಟ್ಟಿತ್ತು. ಗಂಟಲ ಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಚೊಂಬು ಕೆಳಗಿಟ್ಟ.

"ಆಗಲ್ಲ," ಎಂದ.

"ಯಾಕೆ ಆಗಲ್ಲ ಅಂತ ನಾನು ಹೇಳ್ತೀನಿ," ಅಕ್ಕ ಕೂಟದ ಕಡೆ ತಿರುಗಿದಳು. "ಮೂವತ್ತೊಂದು ವಿದ್ಯೆ ಈಸ್ಕೊಂಡೋನು ಮೂವತ್ತೊಂದು ಪಥ್ಯ ಹೊತ್ಕೊಂಡಿರ್ತಾನೆ. ಅನ್ನ ಮುಂದೆ ಬಂದಾಗ ಒಂದು ಸಲವಾದ್ರೂ ಅವನ ಕೈ ತಡೀಬೇಕು. ಕಾಳನ ಕೈ ತಡೀಲಿಲ್ಲ. ಕತ್ತಲ ಕೋಣೇಲಿ ಏನು ಕೊಟ್ರೂ ತಿಂದ. ನಾಗರತ್ನಳ ಕೈ ತಡೀಲಿಲ್ಲ. ನೀವೆಲ್ಲ ಅವಳನ್ನ ಆಡ್ಕೊಂಡ್ರಿ. ಕೈ ತಡೆದೋನು ಒಬ್ಬನೇ. ನೀವು ಅದನ್ನ ದುಃಖ ಅಂದ್ರಿ."

"ದುಃಖಕ್ಕೆ ಉಪವಾಸ ಮಾಡಬಾರದಾ?" ಮುದುಕ ಕೇಳಿದ.

"ಮಾಡ್ಲಿ. ಅನ್ನ ಬಿಡ್ಲಿ, ಎಲೆಅಡಿಕೆ ಬಿಡ್ಲಿ. ತುಟಿ ಮೇಲೆ ಓಡಾಡೋ ನೊಣ ಓಡಿಸ್ದೆ ಇರಾದು ಯಾವ ದುಃಖ? ಇವನಿಗೆ ಯಾವುದು ಪಥ್ಯ ಅಂತಲೇ ಗೊತ್ತಿಲ್ಲ! ಅದಕ್ಕೇ ಎಲ್ಲಾನೂ ಬಿಟ್ಟು ಕೂತವ್ನೆ. ಶಿವಮಲ್ಲಪ್ಪ ವಿದ್ಯೆ ಕೊಟ್ರು, ಪಥ್ಯ ಮನಸ್ಸಲ್ಲೇ ಇಟ್ಕೊಂಡ್ರು, ಹೇಳ್ಲಿಲ್ಲ. ಹೇಳ್ದಿದ್ರೂ ಅದು ತಪ್ಪಿದ್ರೆ ವಿದ್ಯೆ ಹೋಯ್ತದೆ. ಮನಸ್ಸಾರೆ ಕೊಟ್ಟೋರು ಪಥ್ಯ ಹೇಳ್ದೆ ಇರ್ತಾರಾ? ಹಿಂಸೆ ಮಾಡಿ ಕಿತ್ಕೊಂಡದ್ದು ಇದು. ಹೆಂಗೆ ಅಂತ ಅವರ ನಾಲಗೇನೇ ಹೇಳ್ತಲ್ಲ. ಮೌನ ಅಂತ ಬಾಗ್ಲು ಹಾಕಿ, ಮೂರು ದಿನ ನೀರು ಕೊಡ್ಲಿಲ್ಲ ಇವನು. ಆಮೇಲೆ ಬಾಗ್ಲು ತೆರೆದಿಟ್ಟ, ಬರೋ ಕಾಳನಿಗೆ."

ನಾಗರತ್ನಮ್ಮ ಎದ್ದು ಬಂದು ಅವನ ಎದೆಗೆ ಗುದ್ದಿದಳು. "ನಾನು ಗೋಡೆ ಆಚೆ ಇದ್ನಲ್ಲೋ! ಒಂದು ಲೋಟ ನೀರು ನಾನು ಕೊಡ್ತಿದ್ನಲ್ಲೋ!"

ಕೆಂಡಗಣ್ಣಪ್ಪ ಅವಳ ಕೈ ತಡೆಯಲಿಲ್ಲ. ಅದೂ ಪಥ್ಯವಿರಬಹುದೆಂಬ ಭಯ!

"ಎಲ್ಲಾನೂ ಸುಮ್ನೆ ಕೊಟ್ಟುಬುಡ್ತೀನಿ ಅಂತಿದ್ರು," ಎಂದ. ದನಿ ಒಣ ಎಲೆ ಉಜ್ಜಿದ ಹಾಗಿತ್ತು. "ಮೂವತ್ತೊಂದೂ ಹೇಳಿ ಮುಗಿಸಿದ್ರು. ಪಥ್ಯ ಒಂದೇ ಬಾಕಿ. ಮೊದಲು ನೀರು ಕೊಡು, ಆಮೇಲೆ ಪಥ್ಯ ಅಂದ್ರು. ಮೊದಲು ಪಥ್ಯ, ಆಮೇಲೆ ನೀರು ಅಂದೆ. ಅವರೂ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ಅಷ್ಟ್ರಲ್ಲಿ ಉಸಿರು ಹೋಯ್ತು."

ಆ ಚೌಕಾಸಿ ಅಲ್ಲಿದ್ದವರಿಗೆಲ್ಲ ಚೆನ್ನಾಗಿ ಗೊತ್ತಿದ್ದದ್ದೇ.

ಬಾಯಿ ಕಟ್ಟುವ ಮುದುಕ ಎದ್ದು ಕೆಂಡಗಣ್ಣಪ್ಪನ ಕಡೆ ತಿರುಗಿದ. ಅಕ್ಕ ತಡೆದಳು.

"ಬ್ಯಾಡ. ಇವನ ಬಾಯಿ ತೆರೆದೇ ಇರ್ಲಿ. ಯಾವ ಯಾವ ಹಾಡಿಯಿಂದ ತಂದ ವಿದ್ಯೆಯೋ ಅವರವರಿಗೆ ಸುಮ್ಮನೆ ವಾಪಸ್ ಕೊಡ್ಲಿ. ಮೂವತ್ತೊಂದೂ ಕೊಟ್ಟ ದಿನ ಹೊಟ್ಟೆ ತುಂಬ ನೀರು ಕುಡೀಲಿ. ಅವರನ್ನ ಬಿಟ್ಟು ಇನ್ಯಾರೂ ಇವನಿಗೆ ಕಿವಿ ಕೊಡಕೂಡ್ದು. ಕಾಳನಿಂದ ಶುರುವಾಗ್ಲಿ."

ಕಾಳನ ಕಟ್ಟು ಬಿಚ್ಚಿದರು. ಅವನು ಹತ್ತಿರ ಬಂದು ಬಗ್ಗಿ ಕಿವಿ ಕೊಟ್ಟ. ಕೆಂಡಗಣ್ಣಪ್ಪ ಬಾಯಿ ತೆರೆದ. ನಾವೆಲ್ಲ ದೂರ ಸರಿದು ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ ಅವನ ಮಾತು ಕೇಳಿಯೇಬಿಟ್ಟಿತು.

"ಏನ್ ಕೊಡ್ತೀಯ?"

ಕಾಳ ನಿಧಾನವಾಗಿ ನೆಟ್ಟಗಾದ. ಚೊಂಬನ್ನು ನೋಡಿದ, ಆ ಒಡೆದ ತುಟಿಯನ್ನು ನೋಡಿದ.

"ನನ್ ಬಾಯಿ ನನಗೆ ಉಳೀತು ಸ್ವಾಮಿ," ಎಂದ. "ಕೆಳಗೆ ನಿಂತು ಕೂಗ್ಕಂಡೇ ನಮ್ಮೋರನ್ನ ಕಾಯ್ಕೋತೀನಿ."

ತಿರುಗಿ ನೋಡದೆ ಹೊರಟುಹೋದ. ಅಕ್ಕ ಅತ್ತದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಇದಾಗಿ ನಾಲ್ಕು ತಿಂಗಳು. ಕೆಂಡಗಣ್ಣಪ್ಪ ಅನ್ನ ನೀರು ಮುಟ್ಟಿಲ್ಲ, ಬಾಯಲ್ಲಿ ಮೂವತ್ತೊಂದು ಇರುವುದರಿಂದ ಸಾವೂ ಬಂದಿಲ್ಲ. ಮೆಣಸಿನ ಮಂಡಿಗೂ ಶುಂಠಿ ಮಂಡಿಗೂ ನಡುವೆ ಹಾಗೇ ಕೂತಿದ್ದಾನೆ, ಚರ್ಮ ಹೊದಿಸಿದ ಎಲುಬು. ಕಾಡಿನವರು ಒಬ್ಬೊಬ್ಬರೇ ಬರುತ್ತಾರೆ, ಕಿವಿ ಕೊಡುತ್ತಾರೆ, ಬರಿಗೈಯಲ್ಲಿ ಎದ್ದು ಹೋಗುತ್ತಾರೆ. ಹೋದ ವಾರ ಶುಂಠಿ ಹಾಕಲು ಹೋಗಿದ್ದಾಗ ನನ್ನನ್ನೂ ಕೈಸನ್ನೆ ಮಾಡಿ ಕರೆದ. ಎರಡೂ ಕಿವಿ ಮುಚ್ಚಿಕೊಂಡು ದಾಟಿ, ಪಕ್ಕದ ಮಂಡಿಯವನನ್ನು ವಿಚಾರಿಸಿದೆ.

"ಬೆಲೆ ಮಾತ್ರ ಇನ್ನೂ ಒಂದು ಕಾಸೂ ಇಳಿಸಿಲ್ಲ ಕಣಪ್ಪ," ಎಂದ ಅವನು.